ನಲ್ಲಿಗೆ ಕೂರಿಸಿದ ಮೋಟರು

ಮದುರೈ ಊರಿನ ಉಪ್ಪುಕಾರರ ಸಂದಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬರುವುದು ಬೆಳಗಿನ ಹೊತ್ತು. ಬಂದದ್ದು ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ನೀರಿನ ದಿನ ಆ ಸಂದಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಮನೆ ಮನೆಯಲ್ಲೂ ನಲ್ಲಿ ಪೈಪಿಗೆ ಒಂದೊಂದು ಮೋಟರು. ಎಲ್ಲ ಒಟ್ಟಿಗೆ ಗುಂಯ್ ಎನ್ನುತ್ತಿದ್ದವು.

ಮೊದಲು ಮೋಟರು ಕೂರಿಸಿದವಳು ಪೇಚಿಯಮ್ಮಾಳ್. ಸಂದಿಯ ನಡುಮಧ್ಯದ ಮನೆ ಅವಳದು. ಜಗಲಿಯ ಮೇಲೇ ಇಡ್ಲಿ ಅಂಗಡಿ. ಗಂಡ ಸೋಲೈಮಲೈ ಮಾರುಕಟ್ಟೆಯಲ್ಲಿ ಬಾಳೆ ಎಲೆ ಮಾರುವವನು, ಮಾತು ಕಡಿಮೆ. ಅಕ್ಕಿ ನೆನೆಹಾಕಲು, ಪಾತ್ರೆ ತೊಳೆಯಲು, ತಿನ್ನಲು ಬಂದವರಿಗೆ ಕುಡಿಯಲು ಕೊಡಲು ಅಂಗಡಿಗೆ ನೀರು ಬಹಳ ಬೇಕಿತ್ತು. ನಲ್ಲಿ ಸಣ್ಣಗೆ ಸುರಿದರೆ ಅವಳ ಕೆಲಸ ಸಾಗುತ್ತಿರಲಿಲ್ಲ. ಮೋಟರು ತಂದಳು. ನೀರು ಧೋ ಎಂದು ಬಂತು. ಆಗ ಪಕ್ಕದ ಮನೆಯ ನಲ್ಲಿ ಸೊರಗಿತು. ಅವರೂ ಮೋಟರು ತಂದರು. ಅವರ ಪಕ್ಕದವರೂ ತಂದರು. ಹೀಗೆ ಸಂದಿಯ ತುದಿಯಲ್ಲಿ, ಸ್ವಲ್ಪ ಏರಿನ ಮೇಲಿದ್ದ ಇರುಳಪ್ಪನ್ ಮನೆಗೂ ಮೋಟರು ಬಂತು. ಎಲ್ಲರೂ ತಂದ ಮೇಲೆ ಒಬ್ಬೊಬ್ಬರಿಗೆ ಸಿಗುವ ನೀರು ಮೊದಲಿನಷ್ಟಕ್ಕೇ ಬಂದು ನಿಂತಿತು. ಸದ್ದು ಮಾತ್ರ ಹೆಚ್ಚಾಗಿತ್ತು.

ನಲ್ಲಿ ಪೈಪಿಗೆ ನೇರವಾಗಿ ಮೋಟರು ಹಚ್ಚಬಾರದೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಎಲ್ಲರೂ ಅದರ ಮೇಲೊಂದು ಗೋಣಿಚೀಲ ಹೊದಿಸಿಟ್ಟಿದ್ದರು.

ಪೇಚಿಯಮ್ಮಾಳಿಗೆ ತನ್ನ ನಲ್ಲಿಯ ನೀರಿನ ಮೇಲೆ ಬಹಳ ಅಭಿಮಾನ. ಬೇರೆ ಬಡಾವಣೆಗಳಲ್ಲಿ ಜನ ಕ್ಯಾನ್ ನೀರು ಹೊರುವುದನ್ನು ಕಂಡರೆ ಅವಳಿಗೆ ನಗು. ಮದುವೆಯಾಗಿ ಬಂದಾಗಿನಿಂದ ಇದೇ ನೀರು ಕುಡಿದಿದ್ದೇನೆ, ಒಂದು ದಿನವೂ ಹಾಸಿಗೆ ಹಿಡಿದವಳಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಚಟ್ನಿ ತೆಳ್ಳಗೆ ಮಾಡುವುದಕ್ಕೂ ಅದೇ ನೀರು, ಮಣ್ಣಿನ ಮಡಕೆಯಲ್ಲಿ ತಣ್ಣಗೆ ಕೂರಿಸುವುದಕ್ಕೂ ಅದೇ ನೀರು.

ಅವಳ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದವರು ಕಾಶಿಮಾಯನ್ ಮತ್ತು ಅವನ ಹೆಂಡತಿ ಕಲೈಯರಸಿ. ಅವನಿಗೆ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೆಲಸ. ಅವಳು ಉಸಿಲಂಪಟ್ಟಿ ಕಡೆಯ ಹುಡುಗಿ, ಚೊಚ್ಚಲ ಬಸುರಿ. ಏಳು ತಿಂಗಳು ತುಂಬುತ್ತಿತ್ತು. ಬಳೆ ತೊಡಿಸುವ ಶಾಸ್ತ್ರ ಮುಗಿಸಿ ತವರಿಗೆ ಕಳಿಸುವುದೆಂದು ಮಾತಾಗಿತ್ತು. ಮಕ್ಕಳಿಲ್ಲದ ಪೇಚಿಯಮ್ಮಾಳನ್ನು ಅವಳು ಅತ್ತೆ ಎಂದು ಕರೆಯುತ್ತಿದ್ದಳು. ದಿನಾ ಬೆಳಿಗ್ಗೆ ಮೊದಲ ಒಬ್ಬೆಯ ಇಡ್ಲಿ ಮಹಡಿಗೇ ಹೋಗುತ್ತಿತ್ತು.

ಆ ವರ್ಷ ಬೇಸಿಗೆ ಏರುತ್ತಿದ್ದಂತೆ ಸಂದಿಯ ಮಕ್ಕಳಿಗೆ ಭೇದಿ ಶುರುವಾಯಿತು. ಕೆಲವರು ಬಿಸಿಲೆಂದರು, ಕೆಲವರು ಮಾವಿನಹಣ್ಣೆಂದರು. ಆಮೇಲೆ ಒಬ್ಬಿಬ್ಬರು ದೊಡ್ಡವರ ಕಣ್ಣು ಹಳದಿಗೆ ತಿರುಗಿತು. ಆಗ ಆರೋಗ್ಯ ಕೇಂದ್ರದ ನರ್ಸ್ ಜೆಬಮಣಿ ಮನೆ ಮನೆಗೆ ಬಂದಳು. ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದವಳು, ಎಲ್ಲರಿಗೂ ಪರಿಚಯ. ಈ ಸಲ ಅವಳ ಕೈಯಲ್ಲಿ ಒಂದು ಗಾಜಿನ ಕೊಳವೆ ಮತ್ತು ಸಣ್ಣ ಶೀಶೆಗಳಿದ್ದವು.

ಪೇಚಿಯಮ್ಮಾಳ್ ಜಗಲಿಯ ಮೇಲಿಂದಲೇ ಮಾತಿಗೆಳೆದಳು. "ಏನ್ ಸಿಸ್ಟರ್, ಸೂಜಿ ಬಿಟ್ಟು ನೀರಿಗೆ ಬಂದ್ರಾ?"

"ಸೂಜಿ ಚುಚ್ಚಿದ್ರೆ ಮಕ್ಕಳು ಅಳ್ತವೆ, ಗೊತ್ತಾಗುತ್ತೆ. ನೀರು ಅಳಲ್ಲ ಅಕ್ಕ. ಅದಕ್ಕೇ ಹೀಗೆ ಕೇಳ್ಬೇಕು" ಎಂದು ಜೆಬಮಣಿ ಕೊಳವೆ ತೋರಿಸಿದಳು.

ನೀರಿನ ತೊಟ್ಟಿಯಲ್ಲಿ ಕ್ಲೋರಿನ್ ಔಷಧಿ ಬೆರೆಸುತ್ತಾರೆ, ಅದು ಸ್ವಲ್ಪವಾದರೂ ಕೊನೆಯ ನಲ್ಲಿಯವರೆಗೆ ಉಳಿದಿರಬೇಕು, ಉಳಿದಿದ್ದರೆ ಈ ಶೀಶೆಯ ಮದ್ದಿನ ಹನಿ ಹಾಕಿದಾಗ ನೀರು ಹಳದಿಯಾಗುತ್ತದೆ ಎಂದು ಅವಳು ವಿವರಿಸಿದಳು. ಸಂದಿಯ ಬಾಯಲ್ಲಿರುವ ಬೀದಿ ನಲ್ಲಿಯ ನೀರಿಗೆ ಆಗಲೇ ಹಾಕಿ ನೋಡಿದ್ದಳು. ಚೆನ್ನಾಗಿ ಹಳದಿಯಾಗಿತ್ತು. ಪೇಚಿಯಮ್ಮಾಳಿನ ನಲ್ಲಿಯಿಂದ ಹಿಡಿದ ನೀರಿಗೂ ಹನಿ ಬಿದ್ದವು. ನೀರು ಇದ್ದ ಹಾಗೇ ಇತ್ತು.

"ಔಷಧಿ ಇಲ್ಲಾಂದ್ರೆ ಒಳ್ಳೇದೇ ಆಯ್ತಲ್ಲ" ಎಂದಳು ಪೇಚಿಯಮ್ಮಾಳ್. "ಆ ವಾಸನೆ ಬಂದ್ರೆ ನನ್ನ ಗಿರಾಕಿಗಳು ಮೂತಿ ತಿರುಗಿಸ್ತಾರೆ."

"ಔಷಧಿ ದಾರೀಲಿ ಸುಮ್ನೆ ಮಾಯ ಆಗಲ್ಲ ಅಕ್ಕ. ಕೊಳೆ ಸಿಕ್ಕಿದ ಕಡೆ ಅದನ್ನ ಕೊಲ್ಲೋಕೆ ಹೋಗಿ ತಾನೂ ಖರ್ಚಾಗುತ್ತೆ. ಬೀದಿ ನಲ್ಲೀಲಿ ಇದ್ದದ್ದು ನಿಮ್ಮನೇಲಿ ಇಲ್ಲ. ಅಂದ್ರೆ ನಡುವೆ ಎಲ್ಲೋ ಕೊಳೆ ಸೇರ್ತಿದೆ."

"ಕನ್ನಡಿ ಥರ ಐತೆ, ನೋಡಿ. ಮೂಸಿ ನೋಡಿ ಬೇಕಾದ್ರೆ. ಮೇಲೆ ನಾನು ಬಟ್ಟೇಲಿ ಬೇರೆ ಸೋಸ್ತೀನಿ."

"ಮಣ್ಣು ಕಸ ಬಟ್ಟೇಲಿ ನಿಲ್ಲುತ್ತೆ. ಕಾಮಾಲೆ ತರೋ ಕ್ರಿಮಿ ಕಣ್ಣಿಗೂ ಕಾಣಲ್ಲ, ಬಟ್ಟೆಗೂ ಸಿಗಲ್ಲ. ಕುದಿಸಿದ್ರೆ ಸಾಯುತ್ತೆ, ಅಷ್ಟೇ. ಕೊತಕೊತ ಕುದಿ ಬರಬೇಕು, ಬೆಚ್ಚಗಾದ್ರೆ ಸಾಲದು. ಚಟ್ನಿಗೂ ಅದೇ ನೀರು ಹಾಕಿ."

ಅಂಗಡಿಗೆ ಬೇಕಾದಷ್ಟು ನೀರು ಕುದಿಸುತ್ತಾ ಕೂತರೆ ಇಡ್ಲಿ ಯಾವಾಗ ಬೇಯಿಸಲಿ ಎಂದು ಪೇಚಿಯಮ್ಮಾಳ್ ಕೇಳಿದಳು. ಜೆಬಮಣಿ ವಾದಕ್ಕೆ ನಿಲ್ಲಲಿಲ್ಲ. ಒಳಗೆ ಮದ್ದು ಹಾಕಿದ್ದ ಇನ್ನೊಂದು ಸಣ್ಣ ಶೀಶೆಗೆ ಆ ನಲ್ಲಿಯ ನೀರು ತುಂಬಿ ಮುಚ್ಚಿ ಕೊಟ್ಟಳು. ಇದನ್ನು ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಿ, ನೀರು ಕಪ್ಪಾದರೆ ಅದರಲ್ಲಿ ಕಕ್ಕಸಿನ ಕೊಳೆ ಸೇರಿದೆ ಎಂದರ್ಥ, ನಾನು ಬಂದು ನೋಡುತ್ತೇನೆ ಎಂದು ಹೇಳಿ ಮುಂದಿನ ಮನೆಗೆ ಹೋದಳು.

ಮರುದಿನ ಪೇಚಿಯಮ್ಮಾಳ್ ಒಲೆಯ ಪಕ್ಕದ ಗೂಡಿನಲ್ಲಿ ಕೈಯಾಡಿಸಿದಾಗ ಶೀಶೆ ಸಿಕ್ಕಿತು. ಒಳಗಿನ ನೀರು ಮಸಿಯಂತೆ ಕಪ್ಪಾಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಶೀಶೆಯೊಳಗೆ ಮೊದಲೇ ಇದ್ದ ಮದ್ದು ತಾನಾಗೇ ಕಪ್ಪಾಗಿರಬಹುದು ಎಂದುಕೊಂಡಳು. ಇಡ್ಲಿ ಅಂಗಡಿಯ ನೀರಲ್ಲಿ ಕಕ್ಕಸಿನ ಕೊಳೆ ಎಂಬ ಮಾತು ಒಮ್ಮೆ ಸಂದಿಯಲ್ಲಿ ಹಬ್ಬಿದರೆ ಯಾರು ಬಂದು ಎಲೆ ಮುಂದೆ ಕೂರುತ್ತಾರೆ ಎಂದೂ ಅಂದುಕೊಂಡಳು. ಶೀಶೆಯನ್ನು ಉಪ್ಪಿನ ಜಾಡಿಯ ಹಿಂದೆ ಸರಿಸಿದಳು. ಗಂಡನಿಗೂ ಹೇಳಲಿಲ್ಲ. ನೀರೂ ಕುದಿಸಲಿಲ್ಲ.

ಅದೇ ಸಮಯಕ್ಕೆ ಕಲೈಯರಸಿಗೆ ಊಟ ಸೇರದಾಯಿತು. ಇಡ್ಲಿಯ ಹಬೆ ಮಹಡಿಗೆ ಬಂದರೂ ವಾಂತಿ. ಕೆಲವರಿಗೆ ಏಳನೇ ತಿಂಗಳಲ್ಲೂ ಬಯಕೆಯ ಸಂಕಟ ಮರುಕಳಿಸುತ್ತದೆ ಎಂದು ಪೇಚಿಯಮ್ಮಾಳ್ ಧೈರ್ಯ ಹೇಳಿದಳು. ಆಮೇಲೆ ಒಂದು ಬೆಳಿಗ್ಗೆ ಹುಡುಗಿಯ ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗಿದ್ದು ಕಂಡಿತು. ಕಾಶಿಮಾಯನ್ ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದ. ಪೇಚಿಯಮ್ಮಾಳ್ ಅವನನ್ನು ಕೆಲಸಕ್ಕೆ ಕಳಿಸಿದಳು. ಕಾಮಾಲೆಗೆ ಇಂಗ್ಲಿಷ್ ಮದ್ದೇ ಇಲ್ಲ, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರೆ ಇಳಿಯುತ್ತದೆ ಎಂದಳು. ಹಾಗೇ ಕೊಟ್ಟಳು. ಮಜ್ಜಿಗೆ ಕಡೆದದ್ದು ಅದೇ ನಲ್ಲಿಯ ನೀರಿನಲ್ಲಿ.

ಜೆಬಮಣಿ ಶೀಶೆ ಕೇಳಿಕೊಂಡು ಬರುವಷ್ಟರಲ್ಲಿ ನಾಲ್ಕೈದು ದಿನ ಕಳೆದಿದ್ದವು. ಪೇಚಿಯಮ್ಮಾಳ್ ಉಪ್ಪಿನ ಜಾಡಿ ಸರಿಸಿ ಅದನ್ನು ತೆಗೆದುಕೊಟ್ಟಳು. ಜೆಬಮಣಿ ನೋಡಿದಳು. ಕಪ್ಪಾದದ್ದು ಯಾವಾಗ ಎಂದು ಕೇಳಿದಳು. ಪೇಚಿಯಮ್ಮಾಳ್ ಉತ್ತರ ಕೊಡುವ ಮೊದಲೇ ಮಹಡಿಯ ಮೆಟ್ಟಿಲ ಮೇಲೆ ಗೋಡೆ ಹಿಡಿದು ಇಳಿಯುತ್ತಿದ್ದ ಕಲೈಯರಸಿಯ ಮುಖ ನರ್ಸಿನ ಕಣ್ಣಿಗೆ ಬಿತ್ತು. ಶೀಶೆಯ ಮಾತು ಅಲ್ಲಿಗೇ ನಿಂತಿತು.

"ಎಷ್ಟು ದಿನದಿಂದ ಹೀಗಿದೆ?"

"ಮೊನ್ನೆಯಿಂದ" ಎಂದಳು ಪೇಚಿಯಮ್ಮಾಳ್. "ನೆಲನೆಲ್ಲಿ ಕೊಡ್ತಾ ಇದೀನಿ. ನಾಳೆ ನಾಡಿದ್ದಕ್ಕೆ ಇಳಿಯುತ್ತೆ."

ಜೆಬಮಣಿ ಹುಡುಗಿಯ ರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು. "ಬೇರೆಯವರಿಗೆ ಬಂದ ಕಾಮಾಲೆ ಪಥ್ಯದಲ್ಲಿ ತಾನಾಗೇ ಇಳಿದು ಹೋಗಬಹುದು ಅಕ್ಕ. ಬಸುರಿಗೆ ಬಂದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ. ಆಟೋ ಕರೀರಿ. ನಾನೂ ಬರ್ತೀನಿ."

ಪೇಚಿಯಮ್ಮಾಳ್ ಒಲೆ ಆರಿಸಿ, ಹಿಟ್ಟಿನ ಪಾತ್ರೆಗೆ ಒದ್ದೆ ಬಟ್ಟೆ ಹೊದಿಸಿ, ಹಾಗೇ ಹೊರಟಳು. ಅಂಗಡಿಯಲ್ಲಿ ಕೂತಿದ್ದವರು ತಾವೇ ಎದ್ದು ಹೋದರು.

ದೊಡ್ಡಾಸ್ಪತ್ರೆಯಲ್ಲಿ ಕಲೈಯರಸಿಯನ್ನು ಒಳಗೆ ಸೇರಿಸಿಕೊಂಡರು. ಮೊದಲ ದಿನ ಅವಳು ಮಾತಾಡುತ್ತಿದ್ದಳು. ಆಮೇಲೆ ಮಂಪರು ಬಂತು, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದಳು. ಯಕೃತ್ತು ಸೋಲುತ್ತಿದೆ ಎಂದರು ಡಾಕ್ಟರು. ಆ ಸ್ಥಿತಿಯಲ್ಲೇ ಹೆರಿಗೆ ನೋವು ಕಾಣಿಸಿಕೊಂಡಿತು. ಹೆಣ್ಣು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ. ಕಾಶಿಮಾಯನ್ ಅದನ್ನು ಬಿಳಿ ಬಟ್ಟೆಯಲ್ಲಿ ಎತ್ತಿಕೊಂಡು ಹೋದ. ಜೊತೆಗೆ ಸೋಲೈಮಲೈ ಹೋದ. ಬಳೆ ಶಾಸ್ತ್ರಕ್ಕೆ ಗೊತ್ತುಮಾಡಿದ್ದ ದಿನ ಇನ್ನೂ ಬಂದಿರಲಿಲ್ಲ.

ತಾಯಿ ಉಳಿಯುತ್ತಾಳೋ ಇಲ್ಲವೋ ಎಂದು ಕೆಲವು ದಿನ ಯಾರಿಗೂ ಗೊತ್ತಿರಲಿಲ್ಲ. ಕಡೆಗೆ ಅವಳಿಗೆ ಎಚ್ಚರ ಬಂತು. ಕೈ ಹೊಟ್ಟೆಯ ಮೇಲೆ ಹೋಯಿತು. ಮೊದಲು ಅಲ್ಲಿಂದ ಅವಳಿಗೆ ತಿಳಿಯಿತು, ಆಮೇಲೆ ಗಂಡ ಹೇಳಿದ. ಕಣ್ಣಿನ ಹಳದಿ ಇಳಿಯುವವರೆಗೂ ಆಸ್ಪತ್ರೆಯಲ್ಲಿದ್ದು ಅಲ್ಲಿಂದ ನೇರವಾಗಿ ಉಸಿಲಂಪಟ್ಟಿಗೆ ಹೋದಳು.

ಆಸ್ಪತ್ರೆಯ ವರಾಂಡದಲ್ಲಿ ಪೇಚಿಯಮ್ಮಾಳ್ ಜೆಬಮಣಿಯನ್ನು ಒಂದೇ ಮಾತು ಕೇಳಿದಳು. ಶೀಶೆ ಕಪ್ಪಾದ ದಿನವೇ ತಾನು ಹೇಳಿದ್ದರೆ ಮಗು ಉಳಿಯುತ್ತಿತ್ತೇ? ಜೆಬಮಣಿ ಸುಳ್ಳು ಸಮಾಧಾನ ಹೇಳಲಿಲ್ಲ. ಈ ಕಾಯಿಲೆ ಒಳಗೆ ಸೇರಿ ವಾರಗಟ್ಟಲೆ ಆದ ಮೇಲೆ ಹೊರಗೆ ಕಾಣುತ್ತದೆ, ಶೀಶೆ ಬರುವ ಮುಂಚೆಯೇ ಕ್ರಿಮಿ ಅವಳ ಮೈ ಸೇರಿತ್ತು ಎಂದಳು. ಬೇಗ ಬಂದಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು ಎಂದೂ ಹೇಳಿದಳು.

ಅಷ್ಟರಲ್ಲಿ ಪಾಲಿಕೆಯ ಕೆಲಸದವರು ಬಂದು ಸಂದಿಯ ಚರಂಡಿಯ ಮೇಲಿನ ಚಪ್ಪಡಿ ಎಬ್ಬಿಸಿದ್ದರು. ಮನೆ ಮನೆಯ ನಲ್ಲಿ ಪೈಪುಗಳು ಚರಂಡಿಯನ್ನು ಹಾದೇ ಬಂದಿದ್ದವು. ಹಾಕಿಸುವಾಗ ಹತ್ತಿರದ ದಾರಿ, ಕಡಿಮೆ ಪೈಪು ಎಂದು ಮನೆಯವರೇ ಹಾಗೆ ಹಾಕಿಸಿಕೊಂಡಿದ್ದರು. ಪೇಚಿಯಮ್ಮಾಳಿನ ಮನೆಯ ಕಬ್ಬಿಣದ ಪೈಪು ತುಕ್ಕು ತಿಂದು ತೂತು ಬಿದ್ದಿತ್ತು. ಆ ತೂತು ಚರಂಡಿಯ ಕಪ್ಪು ನೀರಿನಲ್ಲಿ ಮುಳುಗಿತ್ತು. ಅವಳು ಅಂಗಡಿ ಮುಚ್ಚಿದ್ದ ಜಗಲಿಯ ಮೇಲೆ ನಿಂತು ಅದನ್ನು ನೋಡಿದಳು. ಸಂದಿಯವರೂ ಸುತ್ತ ನಿಂತು ನೋಡಿದರು.

"ತೂತಿದ್ರೆ ನೀರು ಹೊರಗೆ ಸೋರ್ಬೇಕು. ಚರಂಡಿ ಹೇಗೆ ಒಳಗೆ ಬರುತ್ತೆ?" ಎಂದು ಕೇಳಿದವನು ಸೋಲೈಮಲೈ. ಅಪರೂಪಕ್ಕೆ ಬಾಯಿ ತೆರೆದಿದ್ದ.

ಜೆಬಮಣಿ ಅವನಿಗೆ ಹೇಳಿದಳು. "ಎಳನೀರು ಕುಡಿಯೋ ಕೊಳವೆಗೆ ಮಧ್ಯದಲ್ಲಿ ತೂತಾದ್ರೆ ಏನಾಗುತ್ತೆ ಅಣ್ಣ? ಹೀರಿದ್ರೆ ಗಾಳಿ ಬರುತ್ತೆ. ಇಲ್ಲಿ ತೂತಿನ ಹೊರಗೆ ಗಾಳಿ ಇಲ್ಲ, ಚರಂಡಿ ಇದೆ. ಪೈಪಲ್ಲಿ ನೀರು ತಾನಾಗೇ ತುಂಬಿ ಬರ್ತಿದ್ರೆ ಅದು ಹೊರಕ್ಕೆ ತಳ್ಳುತ್ತೆ, ಕೊಳೆ ಒಳಗೆ ಬರೋಕೆ ಬಿಡಲ್ಲ. ಮೋಟರು ಹೀರಿದಾಗ ಎಲ್ಲ ತಿರುಗಾಮುರುಗಾ."

ಸೋಲೈಮಲೈ ಒಳಗೆ ಹೋಗಿ ಗೋಣಿಚೀಲ ಸರಿಸಿ, ಸ್ಪ್ಯಾನರು ಹಿಡಿದು ಮೋಟರಿನ ನಟ್ಟುಗಳನ್ನು ಬಿಚ್ಚತೊಡಗಿದ. ಹೆಂಡತಿಯನ್ನು ಕೇಳಲಿಲ್ಲ. ಅವಳೂ ಬೇಡವೆನ್ನಲಿಲ್ಲ. ಹಳೆಯ ಪೈಪು ಕಿತ್ತು, ಚರಂಡಿಯಿಂದ ದೂರ, ಮೇಲ್ಮಟ್ಟದಲ್ಲಿ ಹೊಸದನ್ನು ಹಾಕಿಸಿದರು.

ಮುಂದಿನ ನೀರಿನ ದಿನ ಜೆಬಮಣಿ ಬಂದು ಮತ್ತೆ ಹನಿ ಹಾಕಿದಳು. ಪೇಚಿಯಮ್ಮಾಳಿನ ನಲ್ಲಿಯ ನೀರು ಆಗಲೂ ಹಳದಿಯಾಗಲಿಲ್ಲ.

ಹೊಸ ಪೈಪು, ಮೋಟರೂ ಇಲ್ಲ, ಮತ್ತೆ ಯಾಕೆ ಎಂದು ಪೇಚಿಯಮ್ಮಾಳ್ ಕೇಳಿದಳು. ಸಂದಿಗೆಲ್ಲ ನೀರು ತರುವುದು ಒಂದೇ ದೊಡ್ಡ ಪೈಪು, ಉಳಿದವರ ಮೋಟರುಗಳು ಹೀರುತ್ತಿವೆ, ಉಳಿದವರ ಪೈಪುಗಳೂ ಚರಂಡಿಯಲ್ಲೇ ಇವೆ, ಒಬ್ಬರ ತೂತಿನಿಂದ ಬಂದ ಕೊಳೆ ಎಲ್ಲರ ಮನೆಗೂ ಹೋಗುತ್ತದೆ ಎಂದು ಜೆಬಮಣಿ ಹೇಳಿದಳು. ಹಾಗಾದರೆ ನನ್ನ ಪೈಪಿನ ಕೊಳೆಯನ್ನು ಇಷ್ಟು ದಿನ ಇಡೀ ಸಂದಿಯೇ ಕುಡಿದಿದೆ ಎಂದಳು ಪೇಚಿಯಮ್ಮಾಳ್. ಜೆಬಮಣಿ ಹೌದೆಂದಳು.

ಆ ಸಂಜೆಯಿಂದ ಪೇಚಿಯಮ್ಮಾಳ್ ಮನೆ ಮನೆಗೆ ಹೋದಳು. ಎಲ್ಲರೂ ಕೂರಿಸಿ ಮಾತಾಡಿಸಿದರು, ಮಗುವಿನ ವಿಷಯಕ್ಕೆ ಲೊಚಗುಟ್ಟಿದರು. ಮೋಟರಿನ ಮಾತು ಬಂದಾಗ ಪ್ರತಿಯೊಬ್ಬರೂ ಪಕ್ಕದ ಮನೆಯ ಕಡೆ ಕೈ ತೋರಿಸಿದರು. ಅವರು ತೆಗೆಯಲಿ, ನಾವೂ ತೆಗೆಯುತ್ತೇವೆ ಎಂದರು. ಅಲ್ಲಿಯವರೆಗೆ ನೀರು ಕುದಿಸಿಯಾದರೂ ಕುಡಿಯಿರಿ ಎಂದು ಅವಳು ಎಲ್ಲರಿಗೂ ಹೇಳಿಬಂದಳು.

ತುದಿಮನೆಯ ಇರುಳಪ್ಪನ್ ಮಾತ್ರ ನೇರವಾಗಿ ಮಾತಾಡಿದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ನಾಲಗೆ ಚುರುಕು.

"ಅಲ್ಲ ಪೇಚಿ, ಮೊದ್ಲು ಹತ್ತಿ ಕಿಟಕಿ ಸೀಟು ಹಿಡಿದವಳು ನೀನು. ಈಗ ಇಳಿದು ನಿಂತ್ಕೊಂಡು, ಬಸ್ಸು ಸರಿ ಇಲ್ಲ ಎಲ್ರೂ ಇಳೀರಿ ಅಂತೀಯಾ?"

"ಹೌದಣ್ಣ" ಎಂದಳು ಪೇಚಿಯಮ್ಮಾಳ್. "ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಂಡು ಬಂದಿದೀನಿ."

ಆದರೂ ಇರುಳಪ್ಪನ್ ಮೋಟರು ತೆಗೆಯಲು ಒಪ್ಪಲಿಲ್ಲ. ತನ್ನದು ಏರಿನ ಮನೆ, ಮೋಟರಿಲ್ಲದೆ ಒಂದು ಹನಿ ಹತ್ತುವುದಿಲ್ಲ, ಕೆಳಗಿನವರೆಲ್ಲ ಮೀಯುವಾಗ ತಾನು ಖಾಲಿ ಕೊಡ ಹಿಡಿದು ಕೂರಬೇಕೇ ಎಂದ. ಅವನ ಮಾತು ತಪ್ಪೆಂದು ಹೇಳಲು ಪೇಚಿಯಮ್ಮಾಳಿಗೂ ಆಗಲಿಲ್ಲ. ಮೋಟರಿಲ್ಲದ ಕಾಲದಲ್ಲಿ ಆ ಮನೆಗೆ ನೀರು ಹತ್ತುತ್ತಿತ್ತೋ ಇಲ್ಲವೋ, ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ಹೀಗಿರುವಾಗ ವಿದ್ಯುತ್ ಇಲಾಖೆಯವರು ಒಂದು ದಿನ ತಂತಿ ರಿಪೇರಿಗೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆಯುವುದಾಗಿ ಮೊದಲೇ ತಿಳಿಸಿದರು. ಅದು ನೀರಿನ ದಿನ. ಸಂದಿಯಲ್ಲಿ ಗೊಣಗಾಟ ಎದ್ದಿತು. ಇರುಳಪ್ಪನ್ ಹಿಂದಿನ ದಿನವೇ ಇದ್ದಬದ್ದ ಕೊಡಗಳನ್ನು ತುಂಬಿಟ್ಟುಕೊಳ್ಳಲು ನೋಡಿದ, ಆದರೆ ಹಿಂದಿನ ದಿನ ನೀರೇ ಇರಲಿಲ್ಲ. ಪೇಚಿಯಮ್ಮಾಳ್ ಜೆಬಮಣಿಗೆ ಹೇಳಿಕಳಿಸಿದಳು.

ಆ ಬೆಳಿಗ್ಗೆ ಸಂದಿ ನಿಶ್ಶಬ್ದವಾಗಿತ್ತು. ನೀರು ಬಂದದ್ದು ಬೀದಿ ನಲ್ಲಿಯ ಸದ್ದಿನಿಂದ ಗೊತ್ತಾಯಿತು. ಸಂದಿಯ ಬಾಯಲ್ಲಿದ್ದ ಮನೆಗಳಲ್ಲಿ ಮೊದಲು ಬಂತು, ಆಮೇಲೆ ನಡುವಿನ ಮನೆಗಳಲ್ಲಿ. ಯಾರ ಮನೆಯಲ್ಲೂ ಧೋ ಎಂದು ಸುರಿಯಲಿಲ್ಲ. ಸಣ್ಣ ಬೆರಳಿನ ಗಾತ್ರದ ಧಾರೆ, ಆದರೆ ನಿಲ್ಲದ ಧಾರೆ. ಪೇಚಿಯಮ್ಮಾಳ್ ತನ್ನ ನಲ್ಲಿಗೆ ಕೊಡ ಇಟ್ಟು, ತಾನು ಏರು ಹತ್ತಿ ಇರುಳಪ್ಪನ್ ಮನೆಯ ಮುಂದೆ ಹೋಗಿ ನಿಂತಳು. ಅಲ್ಲಿ ನಲ್ಲಿ ಒಣಗಿತ್ತು. ಇರುಳಪ್ಪನ್ ಪಂಚೆ ಎತ್ತಿ ಕಟ್ಟಿಕೊಂಡು ಅದರ ಪಕ್ಕದಲ್ಲೇ ಕೂತಿದ್ದ.

"ನೋಡ್ದೆಯಾ? ನಾನು ಏನಂದೆ?" ಎಂದ.

ಕೆಳಗಿನ ಮನೆಗಳವರ ಕೊಡಗಳು ತುಂಬುತ್ತ ಬಂದವು. ಒಬ್ಬೊಬ್ಬರಾಗಿ ನಲ್ಲಿ ನಿಲ್ಲಿಸಿದರು. ಆಗ ಇರುಳಪ್ಪನ್‌ನ ನಲ್ಲಿಯಲ್ಲಿ ಗಾಳಿ ಬುಸ್ಸೆಂದಿತು. ತುಕ್ಕು ಬಣ್ಣದ ನಾಲ್ಕು ಹನಿ ಬಿದ್ದವು. ಆಮೇಲೆ ನೀರು ಬಂತು. ನಾರಿನಷ್ಟು ಸಣ್ಣಗೆ ಶುರುವಾಗಿ, ನೋಡುತ್ತಿದ್ದಂತೆ ಕೆಳಗಿನ ಮನೆಗಳಲ್ಲಿದ್ದಷ್ಟೇ ದಪ್ಪವಾಯಿತು. ಇರುಳಪ್ಪನ್ ಕೊಡ ಇಡುವುದನ್ನೇ ಮರೆತು ಅದರ ಕೆಳಗೆ ಕೈ ಹಿಡಿದ. ಅವನ ಹೆಂಡತಿ ಒಳಗಿನಿಂದ ಬಂದು ಕೊಡ ಇಟ್ಟಳು.

ಜೆಬಮಣಿ ಮೊದಲ ನೀರು ಸ್ವಲ್ಪ ಹರಿದುಹೋಗಲು ಬಿಟ್ಟು, ಆಮೇಲೆ ಕೊಳವೆಗೆ ಹಿಡಿದು ಹನಿ ಹಾಕಿದಳು. ಹಳದಿ ಬಂತು. ತೆಳುವಾಗಿತ್ತು, ಆದರೆ ಹಳದಿಯೇ. ಇರುಳಪ್ಪನ್ ಕೊಳವೆಯನ್ನು ಇಸಿದುಕೊಂಡು, ಟಿಕೆಟ್ ಅಸಲಿಯೋ ನಕಲಿಯೋ ನೋಡುವವನಂತೆ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ.

"ನಾವು ಎಲ್ರೂ ಒಬ್ರ ಬಾಯಿಂದ ಒಬ್ರು ಕಿತ್ಕೊಂಡು, ಅದಕ್ಕೆ ಕರೆಂಟು ಬೇರೆ ಸುಟ್ವಿ" ಎಂದ. ಪೇಚಿಯಮ್ಮಾಳಿನ ಕಡೆ ತಿರುಗಿ, ಸೋಲೈಮಲೈ ಹತ್ತಿರ ಆ ಸ್ಪ್ಯಾನರು ಇನ್ನೂ ಇದೆಯೇ ಎಂದು ಕೇಳಿದ.

ತುದಿಮನೆಯವನೇ ಬಿಚ್ಚಿದ ಮೇಲೆ ಕೆಳಗಿನವರಿಗೆ ಹೇಳಲು ನೆಪ ಉಳಿಯಲಿಲ್ಲ. ಎಲ್ಲರೂ ಅದೇ ದಿನ ತೆಗೆದರು ಎಂದರೆ ಸುಳ್ಳಾಗುತ್ತದೆ. ಒಂದು ಮನೆಯವರು ಮದುವೆ ಮುಗಿಯಲಿ ಎಂದರು. ಇನ್ನೊಂದು ಮನೆಯಲ್ಲಿ ಮೋಟರು ಗುಟ್ಟಾಗಿ ಓಡುತ್ತಿತ್ತು. ಆದರೆ ಉಳಿದೆಲ್ಲ ಕಡೆ ಸದ್ದು ನಿಂತಿದ್ದರಿಂದ ಅದೊಂದರ ಸದ್ದು ಇಡೀ ಸಂದಿಗೆ ಕೇಳುತ್ತಿತ್ತು. ಇರುಳಪ್ಪನ್ ಅವರ ಬಾಗಿಲ ಮುಂದೆ ಹೋಗಿ ನಿಂತು ಸೀಟಿ ಊದಿದ. ಆಮೇಲೆ ಅದೂ ನಿಂತಿತು. ಸಂದಿಯವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಕೊಟ್ಟು, ಚರಂಡಿ ಹಾದಿದ್ದ ಪೈಪುಗಳನ್ನೆಲ್ಲ ಮೇಲಕ್ಕೆ ಎತ್ತಿ ಹಾಕಿಸಿಕೊಂಡರು. ಪೇಚಿಯಮ್ಮಾಳ್ ಅಂಗಡಿ ಮತ್ತೆ ತೆರೆದಳು. ಬೆಳಗಿನ ಒಲೆಯ ಮೇಲೆ ಇಡ್ಲಿಗಿಂತ ಮೊದಲು ಈಗ ನೀರು ಕುದಿಯುತ್ತಿತ್ತು. ಗಿರಾಕಿಗಳು ಕೆಲವರು ಬಂದರು, ಕೆಲವರು ಬರಲಿಲ್ಲ. ಬರದವರನ್ನು ಅವಳು ದೂರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಕಲೈಯರಸಿ ಉಸಿಲಂಪಟ್ಟಿಯಿಂದ ಬಂದಳು. ಬರುತ್ತಾಳೆಂದು ಪೇಚಿಯಮ್ಮಾಳ್ ನಂಬಿರಲಿಲ್ಲ. ಬೇರೆ ಕಡೆ ಮನೆ ನೋಡುತ್ತಾರೆ ಎಂದೇ ಎಣಿಸಿದ್ದಳು. ಹುಡುಗಿ ಬಡವಾಗಿದ್ದಳು, ಕಣ್ಣು ಬೆಳ್ಳಗಿದ್ದವು. ಪೈಪಿನ ವಿಷಯ ಗಂಡನಿಂದ ಎಲ್ಲ ತಿಳಿದಿತ್ತು. ಅವಳು ಅದನ್ನು ಎತ್ತಲಿಲ್ಲ. ಜಗಲಿಯ ತುದಿಯಲ್ಲಿ ಕೂತು, ಪೇಚಿಯಮ್ಮಾಳ್ ಸೆರಗು ಸರಿಪಡಿಸಿಕೊಂಡು ಹೊರಡುತ್ತಿರುವುದನ್ನು ನೋಡಿ, ಎಲ್ಲಿಗೆ ಎಂದು ಕೇಳಿದಳು.

ಹಿಂದಿನ ಸಂದಿಗೆ ಎಂದಳು ಪೇಚಿಯಮ್ಮಾಳ್. ಅಲ್ಲೂ ಮನೆ ಮನೆಗೆ ಮೋಟರಿದೆ. ಜೆಬಮಣಿಯ ಜೊತೆ ಎರಡು ಸಲ ಹೋಗಿ ಬಂದಾಗಿದೆ. ಜನ ಕೇಳುತ್ತಿಲ್ಲ.

"ಅಲ್ಲಿ ಬಸುರಿಯರು ಯಾರಾದ್ರೂ ಇದಾರಾ?" ಎಂದು ಕೇಳಿದಳು ಕಲೈಯರಸಿ.

"ಒಬ್ಬಳು ಇದಾಳೆ. ಬಳೆ ಅಂಗಡಿಯವನ ಸೊಸೆ."

ಕಲೈಯರಸಿ ಎದ್ದು ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ ಅತ್ತೆ. ನೀವು ಹೇಳಿದ್ರೆ ವಾದ ಮಾಡ್ತಾರೆ. ನಾನು ಏನೂ ಹೇಳ್ಬೇಕಾಗಿಲ್ಲ. ಸುಮ್ನೆ ನಿಮ್ಮ ಪಕ್ಕ ನಿಂತ್ಕೋತೀನಿ."

ಇಬ್ಬರೂ ಹೋದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಊರಿನ ತೊಟ್ಟಿಯಿಂದ ಹೊರಟ ನೀರು ಒಳ್ಳೆಯದೇ ಇರಬಹುದು. ಅದು ನಿಮ್ಮ ಲೋಟಕ್ಕೆ ಬರುವ ದಾರಿಯಲ್ಲಿ ಕೆಡುತ್ತಿದೆಯೇ ಎಂದು ನೋಡಬೇಕಾದವರು ನೀವೂ ಹೌದು. ನಲ್ಲಿ ಪೈಪಿಗೆ ನೇರವಾಗಿ ಮೋಟರು ಹಚ್ಚಿದ್ದರೆ ಇಂದೇ ಬಿಚ್ಚಿ. ಮೇಲಿನ ತೊಟ್ಟಿಗೆ ಏರಿಸಲೇಬೇಕಿದ್ದರೆ, ನೀರು ಮೊದಲು ನೆಲದ ತೊಟ್ಟಿಗೆ ತಾನಾಗಿ ಬಂದು ಬೀಳಲಿ, ಅಲ್ಲಿಂದ ಏರಿಸಿ. ಆ ತೊಟ್ಟಿಗೆ ಮುಚ್ಚಳವಿರಲಿ, ಆಗಾಗ ತೊಳೆಯಿರಿ. ನಿಮ್ಮ ಪೈಪು ಚರಂಡಿಯೊಳಗೆ ಹಾದಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ. ನೀರು ಬಂದಾಗ ಮೊದಲು ಬರುವುದನ್ನು ಕುಡಿಯಲು ಹಿಡಿಯಬೇಡಿ. ಅನುಮಾನವಿದ್ದರೆ ಕೊತಕೊತ ಕುದಿಸಿ, ಮುಚ್ಚಿಟ್ಟು, ಹಿಡಿಕೆಯ ಸೌಟಿನಲ್ಲಿ ತೆಗೆದು ಕುಡಿಯಿರಿ. ಬಣ್ಣ ವಾಸನೆ ಇಲ್ಲವೆಂದು ನಂಬಬೇಡಿ. ಆರೋಗ್ಯ ಕೇಂದ್ರದವರನ್ನು ಕೇಳಿ ನೀರಿನ ಪರೀಕ್ಷೆ ಮಾಡಿಸಿ. ಕೆಟ್ಟಿದೆ ಎಂದು ಗೊತ್ತಾದರೆ ಬಚ್ಚಿಡಬೇಡಿ, ಅದೇ ದಿನ ಬೀದಿಗೆಲ್ಲ ಹೇಳಿ. ಬಸುರಿಯ ಕಣ್ಣು ಹಳದಿಯಾದರೆ ಮನೆಮದ್ದು ಅರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಬೀದಿಯಲ್ಲೂ ಒಬ್ಬಳು ಬಸುರಿ ಇದ್ದೇ ಇರುತ್ತಾಳೆ. ಅವಳ ಹೆಸರು ನಿಮಗೆ ಗೊತ್ತು. ನೀವು ಕುಡಿಯುವುದೂ ಅವಳು ಕುಡಿಯುವುದೂ ಒಂದೇ ಪೈಪಿನ ನೀರು.